ವಿದ್ಯಾರ್ಥಿವೇತನ ಸಿಕ್ಕಿತು, ಉಳಿದ ಹಣ ಎಲ್ಲಿಂದ? ಬಿಸಿನೆಸ್ ಸ್ಕೂಲ್‌ಗಳ ನೆರವಿನ ನಿಜವಾದ ಲೆಕ್ಕ

ಬ್ರಿಟನ್ ಸರ್ಕಾರದ ಚೆವನಿಂಗ್ ಯೋಜನೆಗೆ ‘ಪೂರ್ಣ ವಿದ್ಯಾರ್ಥಿವೇತನ’ ಎಂಬ ಹೆಸರಿದೆ. 1983ರಿಂದ ನಡೆದುಬಂದಿರುವ ಈ ಯೋಜನೆ ಶುಲ್ಕ, ವಿಮಾನದ ಟಿಕೆಟ್, ತಿಂಗಳ ಖರ್ಚು ಎಲ್ಲವನ್ನೂ ನೋಡಿಕೊಳ್ಳುತ್ತದೆ. ಎಂಬಿಎಗೆ ಹೋಗುವವರು ಮಾತ್ರ ಅದರ ನಿಯಮಾವಳಿಯನ್ನು ಇನ್ನೊಂದು ಸಲ ಓದಬೇಕು. ಎಂಬಿಎ ಶುಲ್ಕಕ್ಕೆ ಅದು ಕೊಡುವುದು 22,000 ಪೌಂಡ್‌ವರೆಗೆ ಅಷ್ಟೇ. ಆಕ್ಸ್‌ಫರ್ಡ್‌ನ ಸೈದ್ ಬಿಸಿನೆಸ್ ಸ್ಕೂಲ್‌ನಲ್ಲಿ ಎಂಬಿಎ ಶುಲ್ಕ ಈಗ 80,000 ಪೌಂಡ್ ದಾಟಿದೆ. ಅಂದರೆ ‘ಪೂರ್ಣ’ ನೆರವು ಪಡೆದವರೂ 58,000 ಪೌಂಡ್‌ಗಿಂತ ಹೆಚ್ಚು ಹಣವನ್ನು ಬೇರೆಡೆಯಿಂದ ಹೊಂದಿಸಬೇಕು. ಅದೇ ವ್ಯಕ್ತಿ ಎಂಬಿಎ ಬದಲು ಅದೇ ದೇಶದಲ್ಲಿ ಫೈನಾನ್ಸ್‌ನಲ್ಲೋ ಮ್ಯಾನೇಜ್‌ಮೆಂಟ್‌ನಲ್ಲೋ ಒಂದು ವರ್ಷದ ಎಂಎಸ್‌ಸಿ ಆರಿಸಿಕೊಂಡರೆ ಈ ಮಿತಿ ಅಡ್ಡ ಬರುವುದಿಲ್ಲ.

ಅಭಿವೃದ್ಧಿಶೀಲ ದೇಶಗಳ ವಿದ್ಯಾರ್ಥಿಗಳಿಗೆ ಬಿಸಿನೆಸ್ ಸ್ಕೂಲ್‌ಗಳು ಕೊಡುವ ನೆರವಿನ ಸುದ್ದಿಯಲ್ಲೆಲ್ಲ ಎದ್ದು ಕಾಣುವುದು ಕೊಟ್ಟ ಮೊತ್ತ. ಅರ್ಜಿದಾರರ ಬದುಕನ್ನು ನಿರ್ಧರಿಸುವುದು ಉಳಿದ ಮೊತ್ತ: ಅದು ಎಷ್ಟು, ಯಾವ ಕರೆನ್ಸಿಯಲ್ಲಿದೆ, ಯಾವ ತಾರೀಖಿನೊಳಗೆ ಕೈಯಲ್ಲಿ ಇದೆಯೆಂದು ತೋರಿಸಬೇಕು. ಈ ಮೂರಕ್ಕೆ ಉತ್ತರ ಸಿಗುವವರೆಗೆ ಯಾವ ನೆರವು ದೊಡ್ಡದು, ಯಾವುದು ಚಿಕ್ಕದು ಎಂದು ಹೇಳಲಾಗದು.

ಶಾಲೆಗಳು ಹಣ ಕೊಡುವುದೇಕೆ?

ಬಿಸಿನೆಸ್ ಸ್ಕೂಲ್‌ಗಳ ನೆರವಿನಲ್ಲಿ ಎರಡು ಜಾತಿ. ಒಂದು ಅಗತ್ಯಾಧಾರಿತ, ಇನ್ನೊಂದು ಪ್ರತಿಭಾಧಾರಿತ. ಹಾರ್ವರ್ಡ್ ಮತ್ತು ಸ್ಟ್ಯಾನ್‌ಫರ್ಡ್‌ಗಳು ತಮ್ಮ ಎಂಬಿಎ ನೆರವನ್ನು ಮುಖ್ಯವಾಗಿ ಅಗತ್ಯ ನೋಡಿ ಹಂಚುತ್ತವೆ. ಹಾರ್ವರ್ಡ್ ಅರ್ಜಿದಾರರ ಹಿಂದಿನ ಮೂರು ವರ್ಷಗಳ ಆದಾಯ, ಆಸ್ತಿ, ಪದವಿ ಓದಿನ ಸಾಲ, ಕುಟುಂಬದ ಸಾಮಾಜಿಕ–ಆರ್ಥಿಕ ಹಿನ್ನೆಲೆಯನ್ನು ನೋಡುತ್ತದೆ. 2022ರ ಆಗಸ್ಟ್‌ನಲ್ಲಿ ಅದು ಅತಿ ಹೆಚ್ಚು ಅಗತ್ಯವಿರುವ ಸುಮಾರು ಶೇ 10ರಷ್ಟು ವಿದ್ಯಾರ್ಥಿಗಳಿಗೆ ಇಡೀ ಬೋಧನಾ ಶುಲ್ಕವನ್ನು, ಆಗಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 76,000 ಡಾಲರ್, ತಾನೇ ಭರಿಸುವುದಾಗಿ ಘೋಷಿಸಿತು. ಕಡಿಮೆ ಸಂಬಳದ ದೇಶದಿಂದ ಬಂದವರಿಗೆ ಈ ಸೂತ್ರ ಸಹಜವಾಗಿಯೇ ಅನುಕೂಲಕರ. ಡಾಲರ್‌ಗೆ ಪರಿವರ್ತಿಸಿದಾಗ ಅವರ ಮೂರು ವರ್ಷದ ಆದಾಯ ಚಿಕ್ಕದಾಗಿ ಕಾಣುತ್ತದೆ, ಅಗತ್ಯ ದೊಡ್ಡದಾಗಿ ಕಾಣುತ್ತದೆ. ಆದರೂ ಇಡೀ ಬೋಧನಾ ಶುಲ್ಕ ಮನ್ನಾ ಆದ ಮೇಲೆ ಬಾಡಿಗೆ, ಊಟ, ವಿಮೆ ಉಳಿದೇ ಇರುತ್ತವೆ.

ಪ್ರತಿಭಾಧಾರಿತ ನೆರವಿನ ತರ್ಕ ಬೇರೆ. ಅಲ್ಲಿ ಶಾಲೆ ತನಗೆ ಬೇಕಾದವರನ್ನು ಸೆಳೆಯಲು ಬೆಲೆ ಇಳಿಸುತ್ತದೆ. ರ್‍ಯಾಂಕಿಂಗ್ ಪಟ್ಟಿಗಳಲ್ಲಿ ಜಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆಯಲ್ಲಿ ತರಗತಿಯ ಸರಾಸರಿ ಅಂಕ, ಪದವೀಧರರ ಸಂಬಳ, ವಿದೇಶಿ ವಿದ್ಯಾರ್ಥಿಗಳ ಪ್ರಮಾಣ ಇಂಥವುಗಳಿಗೆ ತೂಕವಿದೆ. ಹೆಚ್ಚು ಅಂಕ ತಂದವರಿಗೆ ಹಣ ಹರಿಯುವುದು ಇದರಿಂದಲೇ. ಇದನ್ನು ದಾನವೆಂದು ಭಾವಿಸುವುದಕ್ಕಿಂತ ರಿಯಾಯಿತಿಯೆಂದು ಭಾವಿಸುವುದು ಅರ್ಜಿದಾರರಿಗೆ ಒಳ್ಳೆಯದು. ರಿಯಾಯಿತಿಯಾದರೆ ಚೌಕಾಸಿ ಮಾಡಬಹುದು. ಎಷ್ಟೋ ಮಂದಿ ಸಂಕೋಚದಿಂದ ಅದನ್ನು ಮಾಡುವುದೇ ಇಲ್ಲ.

ಆ ಚೌಕಾಸಿಗೂ ಒಂದು ಕ್ರಮವಿದೆ. ಪ್ರವೇಶ ಪತ್ರ ಕೈಸೇರಿದ ಮೇಲೆ, ಮುಂಗಡ ಹಣ ಕಟ್ಟುವ ಮೊದಲು, ಪ್ರವೇಶ ಕಚೇರಿಗೆ ಒಂದು ಪುಟದ ಪತ್ರ. ಅದರಲ್ಲಿ ಮೂರೇ ವಿಷಯ: ಈ ಶಾಲೆಗೇ ಬರಲು ಮನಸ್ಸಿದೆ ಎಂಬುದು, ಇನ್ನೊಂದು ಶಾಲೆ ಕೊಟ್ಟಿರುವ ನೆರವಿನ ಪತ್ರದ ಪ್ರತಿ, ಮತ್ತು ಇಂತಿಷ್ಟು ಸಾವಿರ ಸಿಕ್ಕರೆ ಬರಲು ಸಾಧ್ಯ ಎಂಬ ಸ್ಪಷ್ಟ ಅಂಕಿ. ‘ಸ್ವಲ್ಪ ಹೆಚ್ಚಿಸಲು ಸಾಧ್ಯವೇ’ ಎಂದು ಕೇಳಿದವರಿಗೆ ಸೌಜನ್ಯದ ಉತ್ತರ ಸಿಗುತ್ತದೆ, ಹಣ ಸಿಗುವುದು ಕಷ್ಟ. ಮುಂಗಡದ ಗಡುವಿನ ಆಸುಪಾಸಿನಲ್ಲಿ ಬೇರೆ ಶಾಲೆ ಆರಿಸಿಕೊಂಡವರು ಬಿಟ್ಟುಕೊಟ್ಟ ನೆರವು ಶಾಲೆಯ ಕೈಗೆ ಮರಳುತ್ತದೆ. ಪತ್ರ ಅದಕ್ಕೆ ಸ್ವಲ್ಪ ಮೊದಲೇ ಅವರ ಮೇಜಿನ ಮೇಲಿರಬೇಕು. ಅಗತ್ಯ ಮಾತ್ರ ನೋಡುವ ಶಾಲೆಗಳಲ್ಲಿ ಪ್ರತಿಸ್ಪರ್ಧಿಯ ಪತ್ರಕ್ಕೆ ಬೆಲೆಯಿಲ್ಲ. ಅಲ್ಲಿ ನಡೆಯುವುದು ಬದಲಾದ ಪರಿಸ್ಥಿತಿಯ ದಾಖಲೆ: ಹೋದ ಕೆಲಸ, ಕುಸಿದ ಕರೆನ್ಸಿ, ಹೊಸದಾಗಿ ಬಂದ ಅವಲಂಬಿತರು.

80,000 ದೊಡ್ಡದೋ, 25,000 ದೊಡ್ಡದೋ?

ಎರಡು ನೆರವಿನ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಆದರೆ ಇಂದಿನ ಪ್ರಮುಖ ಶಾಲೆಗಳ ಬೆಲೆಯಿಂದ ಬಹಳ ದೂರವೇನಿಲ್ಲ. ಮೊದಲನೆಯದು ಅಮೆರಿಕದ ಎರಡು ವರ್ಷದ ಎಂಬಿಎ. ವರ್ಷಕ್ಕೆ ಶುಲ್ಕ 80,000 ಡಾಲರ್, ವಾಸ–ವಿಮೆ–ಪುಸ್ತಕ 40,000. ಎರಡು ವರ್ಷಕ್ಕೆ 2,40,000. ಅರ್ಧ ಶುಲ್ಕ ಮನ್ನಾ, ಅಂದರೆ 80,000 ಡಾಲರ್ ನೆರವು. ಉಳಿದದ್ದು 1,60,000. ಎರಡನೆಯದು ಯುರೋಪಿನ ಹತ್ತು–ಹನ್ನೆರಡು ತಿಂಗಳ ಎಂಬಿಎ. ಶುಲ್ಕ 1,10,000 ಡಾಲರ್, ವಾಸ 35,000, ನೆರವು ಬರೀ 25,000. ಉಳಿದದ್ದು 1,20,000. ಮೂರನೇ ಒಂದು ಭಾಗಕ್ಕಿಂತ ಕಡಿಮೆ ನೆರವು ಕೊಟ್ಟ ಶಾಲೆಯಲ್ಲಿ ಸಾಲ 40,000 ಡಾಲರ್ ಕಡಿಮೆ. ಜೊತೆಗೆ ಒಂದು ವರ್ಷದ ಸಂಬಳ ತಪ್ಪುವುದಿಲ್ಲ.

ಎರಡು ವರ್ಷದ ಕೋರ್ಸಿನ ಪರವಾಗಿಯೂ ಮಾತಿದೆ. ನಡುವಿನ ಬೇಸಿಗೆಯ ಇಂಟರ್ನ್‌ಶಿಪ್ ಸ್ವಲ್ಪ ಹಣವನ್ನು ಮರಳಿ ತರುತ್ತದೆ. ಅದಕ್ಕಿಂತ ಮುಖ್ಯವಾಗಿ, ವೃತ್ತಿಯನ್ನೇ ಬದಲಿಸಬೇಕೆಂದಿರುವವರಿಗೆ ಅದೇ ಬಾಗಿಲು. ಹತ್ತು ತಿಂಗಳ ಕೋರ್ಸಿನಲ್ಲಿ ಆ ಅವಕಾಶ ಇಕ್ಕಟ್ಟು. ಹಿಂದಿನ ಕ್ಷೇತ್ರದಲ್ಲೇ ಮೇಲೇರಬೇಕೆಂದಿರುವವರಿಗೆ ಎರಡನೇ ವರ್ಷದ ಖರ್ಚನ್ನು ಸಮರ್ಥಿಸುವುದು ಕಷ್ಟ.

ಆ 1,60,000 ಡಾಲರ್ ಸಾಲವನ್ನು ಶೇ 12ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 2,295 ಡಾಲರ್. ಓದುವಾಗ ಸೇರಿಕೊಳ್ಳುವ ಬಡ್ಡಿ ಇದರಲ್ಲಿಲ್ಲ. ನ್ಯೂಯಾರ್ಕಿನ ಕನ್ಸಲ್ಟಿಂಗ್ ಸಂಬಳದಲ್ಲಿ ಇದು ನಿಭಾಯಿಸಬಹುದಾದ ಹೊರೆ. ಹೆಚ್ಚಿನ ಅಭಿವೃದ್ಧಿಶೀಲ ದೇಶಗಳ ಒಳ್ಳೆಯ ಸಂಬಳದಲ್ಲೂ ಇದು ಅಸಾಧ್ಯ. ಹತ್ತು ಸಾವಿರ ಡಾಲರ್ ನೆರವು ಸಿಕ್ಕಿತೆಂದು ಹಿಗ್ಗಿ ಮುಂಗಡ ಕಟ್ಟುವ ಮುನ್ನ ಈ ಕಂತನ್ನು ಒಮ್ಮೆ ಲೆಕ್ಕ ಹಾಕಿದರೆ, ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬುದು ಗೊತ್ತಾಗುತ್ತದೆ.

ಜಾಮೀನುದಾರರಿಲ್ಲದೆ ವಿದೇಶಿ ವಿದ್ಯಾರ್ಥಿಗಳಿಗೆ ಸಾಲ ಕೊಡುವ ಸಂಸ್ಥೆಗಳು ಈಗ ಇವೆ. ಫ್ರಾನ್ಸ್‌ನ ಬಿಸಿನೆಸ್ ಸ್ಕೂಲ್ ಇನ್ಸಿಯಾಡ್‌ನ ಹಳೆಯ ವಿದ್ಯಾರ್ಥಿಗಳು 2007ರಲ್ಲಿ ಕಟ್ಟಿದ ಪ್ರಾಡಿಜಿ ಫೈನಾನ್ಸ್ ಇವುಗಳಲ್ಲಿ ಹೆಸರಾದದ್ದು. ವಿದ್ಯಾರ್ಥಿಯ ಮುಂದಿನ ಗಳಿಕೆಯನ್ನು ಅಂದಾಜಿಸಿ ಸಾಲ ಕೊಡುವ ಈ ಮಾದರಿ ಬಹಳ ಜನರಿಗೆ ಬಾಗಿಲು ತೆರೆದಿದೆ, ನಿಜ. ಆದರೆ ಬಡ್ಡಿ ಎಷ್ಟೋ ಸಲ ಬದಲಾಗುವ ದರದ್ದು, ಮರುಪಾವತಿ ಡಾಲರ್‌ನಂಥ ಗಟ್ಟಿ ಕರೆನ್ಸಿಯಲ್ಲಿ.

ಡಾಲರ್ ಸಾಲ, ಸ್ವದೇಶದ ಸಂಬಳ

ಈ ಇಡೀ ವ್ಯವಸ್ಥೆಯ ದೊಡ್ಡ ವಿರೋಧಾಭಾಸ ಇರುವುದು ಇಲ್ಲಿ. ಅಭಿವೃದ್ಧಿಯ ಹೆಸರಿನಲ್ಲಿ ಬರುವ ನೆರವುಗಳಿಗೆ ಸ್ವದೇಶಕ್ಕೆ ಮರಳುವ ಷರತ್ತು ಇರುತ್ತದೆ. ಚೆವನಿಂಗ್ ಪಡೆದವರು ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶದಲ್ಲಿರಬೇಕು. ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ನೆರವು ಪಡೆದ ವಿದ್ಯಾರ್ಥಿಗಳು ಜೆ-1 ಎಂಬ ವಿನಿಮಯ ವೀಸಾದಲ್ಲಿ ಹೋಗುತ್ತಾರೆ. ಎರಡು ವರ್ಷ ಸ್ವದೇಶದಲ್ಲಿ ಕಳೆಯುವವರೆಗೆ ಅವರಿಗೆ ಎಚ್-1ಬಿ ಉದ್ಯೋಗ ವೀಸಾ ಆಗಲಿ ಕಾಯಂ ವಾಸದ ಅನುಮತಿಯಾಗಲಿ ಸಿಗದು. ಸ್ಟ್ಯಾನ್‌ಫರ್ಡ್‌ ಆಫ್ರಿಕದ ವಿದ್ಯಾರ್ಥಿಗಳಿಗೆ ಕೊಡುವ ಎಂಬಿಎ ಫೆಲೋಶಿಪ್‌ಗೂ, ಭಾರತೀಯರಿಗಿರುವ ರಿಲಯನ್ಸ್ ಧೀರೂಭಾಯಿ ಫೆಲೋಶಿಪ್‌ಗೂ ಪದವಿಯ ಎರಡು ವರ್ಷದೊಳಗೆ ಮರಳಿ ಕನಿಷ್ಠ ಎರಡು ವರ್ಷ ಅಲ್ಲಿ ಕೆಲಸ ಮಾಡಬೇಕೆಂಬ ನಿಯಮವಿದೆ.

ನೆರವು ಇಡೀ ಖರ್ಚನ್ನು ಹೊತ್ತರೆ ಈ ಷರತ್ತು ನ್ಯಾಯವಾದದ್ದೇ. ಅರ್ಧ ಕೊಟ್ಟು, ಇನ್ನರ್ಧಕ್ಕೆ ಡಾಲರ್ ಸಾಲ ಮಾಡಿಸಿ, ಆಮೇಲೆ ಸ್ಥಳೀಯ ಸಂಬಳಕ್ಕೆ ಮರಳಿ ಎಂದರೆ ಅಪಾಯವನ್ನೆಲ್ಲ ವಿದ್ಯಾರ್ಥಿಯ ತಲೆಗೆ ಕಟ್ಟಿದಂತೆ. ನೈಜೀರಿಯ 2023ರ ಜೂನ್‌ನಲ್ಲಿ ವಿನಿಮಯ ದರವನ್ನು ಸಡಿಲಗೊಳಿಸುವ ಮುನ್ನ ಡಾಲರ್‌ಗೆ ಸುಮಾರು 460 ನೈರಾ ಇತ್ತು. 2024ರ ಮೊದಲ ತಿಂಗಳುಗಳಲ್ಲಿ ಅದು 1,500ರ ಸುತ್ತ ಹೋಯಿತು. ತಿಂಗಳಿಗೆ 1,000 ಡಾಲರ್ ಕಂತು ಕಟ್ಟುತ್ತಿದ್ದವರಿಗೆ 4.6 ಲಕ್ಷ ನೈರಾದ ಹೊರೆ ಒಂದು ವರ್ಷದೊಳಗೆ 15 ಲಕ್ಷವಾಯಿತು. 2024ರ ಮಾರ್ಚ್‌ನಲ್ಲಿ ಈಜಿಪ್ಟಿನ ಪೌಂಡ್ ಡಾಲರ್‌ಗೆ 31ರಿಂದ 50ರ ಹತ್ತಿರಕ್ಕೆ ಒಂದೇ ಏಟಿಗೆ ಕುಸಿಯಿತು. ಸಂಬಳ ಆ ವೇಗದಲ್ಲಿ ಏರುವುದಿಲ್ಲ.

ಹಾಗಾಗಿ ಮರಳುವ ಷರತ್ತಿರುವ ನೆರವನ್ನು ಒಪ್ಪುವ ಮುನ್ನ ಕೇಳಬೇಕಾದ್ದು: ಮರಳಿದ ಮೇಲಿನ ಸಂಬಳದ ನಾಲ್ಕನೇ ಒಂದು ಭಾಗದಲ್ಲಿ ಕಂತು ತೀರುತ್ತದೆಯೇ, ಸ್ವದೇಶದ ಕರೆನ್ಸಿ ಅರ್ಧಕ್ಕಿಳಿದರೂ ತೀರುತ್ತದೆಯೇ? ತೀರದಿದ್ದರೆ ಕಡಿಮೆ ಬೆಲೆಯ ಶಾಲೆಯತ್ತ ನೋಡುವುದು ವಿವೇಕ. ಕೋಸ್ಟರಿಕದ ಇನ್‌ಕೇ, ಮನಿಲಾದ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್, ಕೇಪ್‌ಟೌನ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್‌ಗಳಿಗೆ ತಮ್ಮ ತಮ್ಮ ಪ್ರದೇಶದ ಉದ್ಯಮಗಳಲ್ಲಿ ಗಟ್ಟಿ ಹೆಸರಿದೆ. ಸ್ವದೇಶದಲ್ಲೇ ಕೆಲಸ ಮಾಡಬೇಕೆಂದು ತೀರ್ಮಾನಿಸಿದವರಿಗೆ ಬೋಸ್ಟನ್ನಿನ ಪದವಿ ಕೊಡುವ ಹೆಚ್ಚುವರಿ ಲಾಭ ಅದರ ಹೆಚ್ಚುವರಿ ಬೆಲೆಯನ್ನು ಯಾವಾಗಲೂ ಸರಿದೂಗಿಸುವುದಿಲ್ಲ. ಯೇಲ್‌ನಂಥ ಕೆಲವು ಶಾಲೆಗಳು ಸರ್ಕಾರಿ ಅಥವಾ ಲಾಭರಹಿತ ಕ್ಷೇತ್ರ ಸೇರುವವರಿಗೆ ಸಾಲದ ಕಂತಿನಲ್ಲಿ ನೆರವಾಗುತ್ತವೆ. ವಿದೇಶಿ ಸಂಸ್ಥೆಯಿಂದ ಪಡೆದ ಸಾಲಕ್ಕೂ ಅದು ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆಯಬೇಕು.

ಎಲ್ಲಿ ಅರ್ಜಿ ಹಾಕಬಾರದು

ತಿಂಗಳುಗಟ್ಟಲೆ ಶ್ರಮ ಹಾಕಿ ಬರೆದ ಅರ್ಜಿ, ಎಂಬಿಎಗೆ ಹಣವನ್ನೇ ಕೊಡದ ಯೋಜನೆಗೆ ಹೋಗುವುದು ಅಪರೂಪವೇನಲ್ಲ. ಗೇಟ್ಸ್ ಕೇಂಬ್ರಿಜ್ ವಿದ್ಯಾರ್ಥಿವೇತನದಲ್ಲಿ ಎಂಬಿಎಗೂ ಮಾಸ್ಟರ್ ಆಫ್ ಫೈನಾನ್ಸ್‌ಗೂ ಅವಕಾಶವಿಲ್ಲ. ಬ್ರಿಟನ್ನಿನ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಆಯೋಗವೂ ಸಾಮಾನ್ಯವಾಗಿ ಎಂಬಿಎಗೆ ಹಣ ಕೊಡುವುದಿಲ್ಲ. ಚೆವನಿಂಗ್ ಒಂಬತ್ತರಿಂದ ಹನ್ನೆರಡು ತಿಂಗಳ ಕೋರ್ಸಿಗೆ ಮಾತ್ರ; ಲಂಡನ್ ಬಿಸಿನೆಸ್ ಸ್ಕೂಲ್‌ನ 15ರಿಂದ 21 ತಿಂಗಳ ಎಂಬಿಎ ಅದರ ಚೌಕಟ್ಟಿಗೆ ಒಗ್ಗದು. ಚೆವನಿಂಗ್‌ಗೆ ಜೊತೆಗೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ, ಕೆಲಸದ ಅನುಭವವೂ ಬೇಕು.

ಕಡೆಗಣಿಸಲ್ಪಟ್ಟ ಬಾಗಿಲುಗಳೂ ಇವೆ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್‌ನ (DAAD) ‘ಈಪಾಸ್’ (EPOS) ಯೋಜನೆ ಅಭಿವೃದ್ಧಿಗೆ ಸಂಬಂಧಿಸಿದ ಕೋರ್ಸ್‌ಗಳಿಗೆ ಮೀಸಲು. ಅರ್ಥಶಾಸ್ತ್ರ ಮತ್ತು ವ್ಯವಹಾರ ಆಡಳಿತವೂ ಅದರ ವ್ಯಾಪ್ತಿಯಲ್ಲಿವೆ. ಕನಿಷ್ಠ ಎರಡು ವರ್ಷದ ಅನುಭವ ಬೇಕು, ಕೊನೆಯ ಪದವಿ ಆರು ವರ್ಷಕ್ಕಿಂತ ಹಳೆಯದಾಗಿರಬಾರದು. ಈ ಆರು ವರ್ಷದ ನಿಯಮವೇ ಅನುಭವಿಗಳನ್ನು ಹೊರಗಿಡುತ್ತದೆ. ಮೂವತ್ತು ದಾಟಿದ ಮೇಲೆ ಯೋಚಿಸುವವರಿಗೆ ಎಷ್ಟೋ ಸಲ ಆಗಲೇ ತಡವಾಗಿರುತ್ತದೆ. ಏಷ್ಯಾ ಅಭಿವೃದ್ಧಿ ಬ್ಯಾಂಕ್ ಮತ್ತು ಜಪಾನ್ ಸರ್ಕಾರ 1988ರಲ್ಲಿ ಆರಂಭಿಸಿದ ವಿದ್ಯಾರ್ಥಿವೇತನ ಶುಲ್ಕ, ತಿಂಗಳ ಖರ್ಚು, ಪ್ರಯಾಣ ಎಲ್ಲವನ್ನೂ ಭರಿಸುತ್ತದೆ. ವ್ಯವಹಾರ ಮತ್ತು ನಿರ್ವಹಣೆ ಅದರ ವಿಷಯಗಳಲ್ಲಿ ಸೇರಿವೆ. ಆದರೆ ಗೊತ್ತುಪಡಿಸಿದ ವಿದ್ಯಾಸಂಸ್ಥೆಗಳಲ್ಲೇ ಓದಬೇಕು. ಸಾಮಾಜಿಕ ಉದ್ಯಮ ಕಟ್ಟಿದವರಿಗೆ ಆಕ್ಸ್‌ಫರ್ಡ್‌ನ ಸ್ಕೋಲ್ ವಿದ್ಯಾರ್ಥಿವೇತನ ಇಡೀ ಎಂಬಿಎ ಶುಲ್ಕವನ್ನು ಕೊಡುತ್ತದೆ. ಇಲ್ಲಿ ‘ಸಾಮಾಜಿಕ ಕಾಳಜಿ ಇದೆ’ ಎಂದರೆ ನಡೆಯದು, ಕಟ್ಟಿ ತೋರಿಸಿದ ಕೆಲಸವೇ ಬೇಕು. ಸ್ಟ್ಯಾನ್‌ಫರ್ಡ್‌ನ ನೈಟ್–ಹೆನೆಸ್ಸಿ ಕಾರ್ಯಕ್ರಮ ವರ್ಷಕ್ಕೆ ನೂರರವರೆಗೆ ವಿದ್ಯಾರ್ಥಿಗಳನ್ನು ಆರಿಸುತ್ತದೆ, ಎಂಬಿಎಯವರೂ ಸೇರಿ. ಕಾರ್ಯಕ್ರಮಕ್ಕೊಂದು, ಬಿಸಿನೆಸ್ ಸ್ಕೂಲ್‌ಗೊಂದು ಬೇರೆ ಬೇರೆ ಅರ್ಜಿ ಹಾಕಬೇಕೆಂಬುದನ್ನು ಮರೆತವರು ಅಲ್ಲೇ ಮುಗ್ಗರಿಸುತ್ತಾರೆ. ಇನ್ನು ಸಂಶೋಧನೆಯಲ್ಲಿ ಒಲವಿರುವವರಿಗೆ ಬಿಸಿನೆಸ್ ಸ್ಕೂಲ್‌ಗಳ ಪಿಎಚ್‌ಡಿ. ಅಮೆರಿಕದ ದೊಡ್ಡ ಶಾಲೆಗಳಲ್ಲಿ ಅದಕ್ಕೆ ಶುಲ್ಕವಿಲ್ಲದಿರುವುದೇ ವಾಡಿಕೆ, ಮೇಲೆ ತಿಂಗಳ ವೇತನವೂ ಉಂಟು.

ಸರ್ಕಾರಿ ಹಣದ ಈ ಮೂಲಗಳ ಮೇಲೂ ಒತ್ತಡ ಹೆಚ್ಚುತ್ತಿದೆ. ಬ್ರಿಟನ್ ತನ್ನ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ವೇಳೆಗೆ ಶೇ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದೆ. ಹಿಂದಿನ ವರ್ಷದ ಆಯ್ಕೆಯ ಸಂಖ್ಯೆಯನ್ನು ನಂಬಿ ಈ ವರ್ಷದ ಸಾಧ್ಯತೆಯನ್ನು ಅಂದಾಜಿಸುವಂತಿಲ್ಲ.

ಮೊದಲ ಅಡ್ಡಗೋಡೆ

ನೆರವಿನ ಚರ್ಚೆಯಲ್ಲಿ ಬಾರದ ಖರ್ಚೊಂದಿದೆ, ಅರ್ಜಿಯದ್ದು. ಜಿಮ್ಯಾಟ್ ಪರೀಕ್ಷೆಗೆ 275 ಡಾಲರ್. ಹಾರ್ವರ್ಡ್‌ನ ಅರ್ಜಿ ಶುಲ್ಕ 250. ಅಂಥ ಐದು ಶಾಲೆಗಳಿಗೆ ಹಾಕಿದರೆ ಒಟ್ಟು 1,525 ಡಾಲರ್. ಇಂಗ್ಲಿಷ್ ಪರೀಕ್ಷೆ, ಅಂಕಪಟ್ಟಿಯ ಅನುವಾದ ಸೇರಿಲ್ಲ. ವಿಶ್ವಬ್ಯಾಂಕ್‌ನ 2025ರ ಜುಲೈ ವರ್ಗೀಕರಣದಲ್ಲಿ ‘ಕಡಿಮೆ ಆದಾಯದ ದೇಶ’ ಎಂದರೆ ತಲಾ ವಾರ್ಷಿಕ ಆದಾಯ 1,135 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇರುವ ದೇಶ. ನೆರವು ಯಾರಿಗೆ ಹೆಚ್ಚು ಬೇಕೋ ಅವರು ನೆರವಿನ ಸಾಲಿನಲ್ಲಿ ನಿಲ್ಲುವುದಕ್ಕೇ ಒಂದು ವರ್ಷದ ಆದಾಯ ತೆರಬೇಕಾಗಿದೆ. ಶಾಲೆಗಳ ಕಡತದಲ್ಲಿ ‘ಅಗತ್ಯವಿರುವ ಅರ್ಜಿದಾರರು ಕಡಿಮೆ’ ಎಂದು ಕಂಡರೆ ಕಾರಣ ಇಲ್ಲಿದೆ.

ಅರ್ಜಿ ಶುಲ್ಕ ಮನ್ನಾ ಹಲವು ಶಾಲೆಗಳಲ್ಲಿ ಸಿಗುತ್ತದೆ, ಆದರೆ ಅರ್ಜಿ ಸಲ್ಲಿಸುವ ಮೊದಲೇ ಕೇಳಬೇಕು. ಕಟ್ಟಿದ ಮೇಲೆ ವಾಪಸ್ ಬರುವುದಿಲ್ಲ. ಐದರ ಬದಲು ಮೂರೇ ಶಾಲೆಗಳಿಗೆ, ಆದರೆ ಮೊದಲ ಸುತ್ತಿನಲ್ಲೇ ಹಾಕುವುದು ಒಳ್ಳೆಯ ತಂತ್ರ. ಮೊದಲ ಸುತ್ತಿನ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಎರಡನೆಯದು ಜನವರಿಯಲ್ಲಿ. ಪ್ರತಿಭಾಧಾರಿತ ನಿಧಿ ಹೆಚ್ಚು ತುಂಬಿರುವುದು ಮೊದಲ ಸುತ್ತಿನಲ್ಲಿ. ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾದ ದೇಶಗಳವರಿಗಂತೂ ಮೂರನೇ ಸುತ್ತು ಇದ್ದೂ ಇಲ್ಲದಂತೆ. ಪರೀಕ್ಷೆಯನ್ನು ಹಿಂದಿನ ಮೇ–ಜೂನ್‌ಗೆ ಮುಗಿಸಿದರೆ ಇನ್ನೊಮ್ಮೆ ಬರೆಯುವ ಅವಕಾಶ ಉಳಿಯುತ್ತದೆ.

ಅಗತ್ಯಾಧಾರಿತ ಅರ್ಜಿಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ದಾಖಲೆಗಳಲ್ಲಿ. ಸಂಬಳದ ಒಂದು ಭಾಗ ನಗದಿನಲ್ಲಿ ಬರುತ್ತದೆ, ತೆರಿಗೆ ಪತ್ರದಲ್ಲಿ ಒಂದು ಅಂಕಿ, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು. ಪರಿಶೀಲಿಸುವವರಿಗೆ ಇದು ಮುಚ್ಚುಮರೆಯಂತೆ ಕಾಣುತ್ತದೆ. ವ್ಯತ್ಯಾಸ ಇದ್ದೇ ಇದ್ದರೆ ಅದನ್ನು ವಿವರಿಸುವ ಅರ್ಧ ಪುಟದ ಟಿಪ್ಪಣಿ, ಉದ್ಯೋಗದಾತರ ಪತ್ರ ಜೊತೆಗಿರಲಿ. ತಮ್ಮಂದಿರ ಓದು, ವಯಸ್ಸಾದ ತಂದೆತಾಯಿಯ ಔಷಧಿ ಇಂಥ ನಿಯತ ಖರ್ಚಿಗೆ ನಮೂನೆಯಲ್ಲಿ ಅಂಕಣವೇ ಇರುವುದಿಲ್ಲ. ವಿಶೇಷ ಪರಿಸ್ಥಿತಿ ಎಂಬ ಜಾಗದಲ್ಲಿ ಮೊತ್ತ ಸಮೇತ ಬರೆಯಬೇಕು. ಮಾರಲಾಗದ ಪಿತ್ರಾರ್ಜಿತ ಜಮೀನನ್ನು ಆಸ್ತಿಯೆಂದು ಬರೀ ಮೌಲ್ಯ ಹಾಕಿ ತೋರಿಸಿದರೆ ನೆರವು ಕಡಿತವಾಗಬಹುದು. ಜಂಟಿ ಒಡೆತನ ಎಂಬುದನ್ನೂ, ತಮ್ಮ ಪಾಲು ಎಷ್ಟೆಂಬುದನ್ನೂ ದಾಖಲಿಸಬೇಕು.

ವೀಸಾ, ತೆರಿಗೆ, ಮುಂದೂಡಿಕೆ

ನೆರವು ಕೂಡಿಬಂದ ಮೇಲೂ ಉಳಿದ ಹಣವನ್ನು ವೀಸಾ ಅಧಿಕಾರಿಗೆ ತೋರಿಸುವ ಹಂತವಿದೆ. ಅಮೆರಿಕದ ವಿದ್ಯಾರ್ಥಿ ವೀಸಾಕ್ಕಾಗಿ ಶಾಲೆ ಕೊಡುವ ಐ-20 ಪತ್ರಕ್ಕೆ ಮೊದಲ ವರ್ಷದ ಪೂರ್ತಿ ಖರ್ಚಿನ ಪುರಾವೆ ಬೇಕು. ವಿದ್ಯಾರ್ಥಿವೇತನ, ಮಂಜೂರಾದ ಸಾಲ, ಉಳಿತಾಯ ಮೂರನ್ನೂ ಕೂಡಿಸಬಹುದು. ಬ್ರಿಟನ್ನಿನ ವೀಸಾಕ್ಕೆ ಬಾಕಿ ಶುಲ್ಕದ ಜೊತೆ ವಾಸದ ಖರ್ಚನ್ನೂ ತೋರಿಸಬೇಕು: ಲಂಡನ್‌ನಲ್ಲಾದರೆ ತಿಂಗಳಿಗೆ 1,529 ಪೌಂಡ್, ಹೊರಗಾದರೆ 1,171, ಗರಿಷ್ಠ ಒಂಬತ್ತು ತಿಂಗಳಿಗೆ. ಲಂಡನ್ನಿನ ಲೆಕ್ಕ ಒಟ್ಟು 13,761 ಪೌಂಡ್. ಈ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದೇ ದಿನ ಕೆಳಗಿಳಿದರೂ ಅರ್ಜಿ ತಿರಸ್ಕೃತವಾಗಬಹುದು. ಸ್ಥಳೀಯ ಕರೆನ್ಸಿಯಲ್ಲಿ ಇಟ್ಟವರು ಶೇ 10ರಷ್ಟಾದರೂ ಹೆಚ್ಚು ಇಡುವುದು ಕ್ಷೇಮ, ಏಕೆಂದರೆ ಅದನ್ನು ಪೌಂಡ್‌ಗೆ ಪರಿವರ್ತಿಸಿ ನೋಡುವುದು ಅರ್ಜಿ ಹಾಕುವ ದಿನದ ದರದಲ್ಲಿ; ಅಷ್ಟರಲ್ಲಿ ದರ ಕುಸಿದಿದ್ದರೆ ಹಣ ಸಾಲದಾಗುತ್ತದೆ.

ಅಮೆರಿಕದಲ್ಲಿ ಇನ್ನೊಂದು ಸೋರಿಕೆ ತೆರಿಗೆ. ಶುಲ್ಕಕ್ಕೂ ಕಡ್ಡಾಯ ಪುಸ್ತಕಗಳಿಗೂ ಹೋಗುವ ವಿದ್ಯಾರ್ಥಿವೇತನಕ್ಕೆ ತೆರಿಗೆಯಿಲ್ಲ. ವಾಸ ಮತ್ತು ಊಟಕ್ಕೆ ಕೊಡುವ ಭಾಗಕ್ಕೆ ಉಂಟು. ಎಫ್-1 (ವಿದ್ಯಾರ್ಥಿ), ಜೆ-1 ವೀಸಾದಲ್ಲಿರುವ, ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳಾದವರಿಂದ ವಿಶ್ವವಿದ್ಯಾಲಯವೇ ಶೇ 14 ಮುರಿದುಕೊಳ್ಳುತ್ತದೆ. 20,000 ಡಾಲರ್ ವಾಸದ ನೆರವಿನಲ್ಲಿ 2,800 ಹೀಗೆ ಹೋಗುತ್ತದೆ. ಸ್ವದೇಶದೊಂದಿಗೆ ತೆರಿಗೆ ಒಪ್ಪಂದವಿದ್ದರೆ ವಿನಾಯಿತಿ ಸಿಗಬಹುದು, ಅರ್ಜಿ ಹಾಕಿದರೆ ಮಾತ್ರ.

ಎಲ್ಲಕ್ಕಿಂತ ಕಡಿಮೆ ಜನ ಓದುವ ಸಾಲು ಮುಂದೂಡಿಕೆಯದ್ದು. 2025ರ ಜೂನ್‌ನಲ್ಲಿ ಅಮೆರಿಕ ಹಲವು ದೇಶಗಳ ಪ್ರಜೆಗಳ ಪ್ರವೇಶವನ್ನು ನಿರ್ಬಂಧಿಸಿದಾಗ ವಿದ್ಯಾರ್ಥಿ ವೀಸಾಗಳೂ ಅದರಲ್ಲಿ ಸೇರಿದ್ದವು. ವೀಸಾ ಸಿಗದೆ ಒಂದು ವರ್ಷ ಮುಂದೂಡಿದರೆ ಪ್ರವೇಶ ಉಳಿಯಬಹುದು, ನೆರವು ಉಳಿಯುತ್ತದೆಂಬ ಭರವಸೆಯಿಲ್ಲ. ಎಷ್ಟೋ ಶಾಲೆಗಳಲ್ಲಿ ಅದು ಆ ವರ್ಷದ ತರಗತಿಗೆ ಮಾತ್ರ ಸೇರಿದ್ದು. ಮುಂಗಡವೂ ಹೆಚ್ಚಿನ ಕಡೆ ಮರಳುವುದಿಲ್ಲ. ಮುಂಗಡ ಕಟ್ಟುವ ಮೊದಲು ಶಾಲೆಗೆ ಇಮೇಲ್‌ನಲ್ಲಿ ಕೇಳಬೇಕಾದ್ದು ಎರಡು ಪ್ರಶ್ನೆ: ವೀಸಾ ನಿರಾಕರಣೆಯಾದರೆ ಮುಂಗಡ ವಾಪಸ್ ಬರುತ್ತದೆಯೇ, ಮುಂದೂಡಿದರೆ ಇದೇ ನೆರವು ಇದೇ ಮೊತ್ತದಲ್ಲಿ ಮುಂದಿನ ವರ್ಷಕ್ಕೂ ಬರುತ್ತದೆಯೇ? ಉತ್ತರ ಫೋನಿನಲ್ಲಿ ಬಂದರೆ ಅದನ್ನು ಬರಹದಲ್ಲಿ ಕಳಿಸುವಂತೆ ಮತ್ತೊಮ್ಮೆ ಕೇಳಬೇಕು.